ಮೋರಿಯ ದೂರಿನ ಕೆಳಗೆ

ಗುರುಗಳೇ,

ನೀವು ತೀರಿಕೊಂಡು ಆರು ವರ್ಷವಾಯಿತು. ಆದರೂ ಈ ಸಿಟ್ಟನ್ನು ಇನ್ಯಾರ ಮುಂದೆ ಕಾರಿಕೊಳ್ಳಲಿ? ನೀವು ಬಿಟ್ಟ ಸಂಪಾದಕನ ಕುರ್ಚಿಯಲ್ಲಿ ಹದಿನೇಳು ವರ್ಷ ಕೂತವನು ನಾನು. ನಿವೃತ್ತನಾದ ಮೇಲೆ ಬರೆದ ಮೊದಲ ಲೇಖನವನ್ನು ನಮ್ಮ ಪತ್ರಿಕೆ ಇವತ್ತು ಎಲ್ಲಿ ಹಾಕಿದೆ ಗೊತ್ತೇ? ಓದುಗರ ಪತ್ರಗಳ ಅಂಕಣದಲ್ಲಿ! ಯಾವುದೋ ಮೋರಿ ಕಟ್ಟಿಕೊಂಡಿದೆ ಎಂಬ ದೂರಿನ ಕೆಳಗೆ! ಎರಡು ವಾರ ಕೂತು ಬರೆದ ಒಂಬೈನೂರು ಪದಗಳಲ್ಲಿ ಉಳಿದದ್ದು ತೊಂಬತ್ತು. ಹೆಸರಿನ ಮುಂದೆ ‘ಮಾಜಿ ಸಂಪಾದಕ’ ಎಂದು ಹಾಕುವುದಕ್ಕೂ ಜಾಗವಿರಲಿಲ್ಲವೇ? ಈಗಿನ ಸಂಪಾದಕಿ ನನ್ನ ಕೈಕೆಳಗೆ ಪಳಗಿದ ಹುಡುಗಿ. ಅವಳಿಗೆ ಕತ್ತರಿ ಹಿಡಿಯಲು ಕಲಿಸಿದವನೂ ನಾನೇ.

ಚಳಿ ಬಿಡಿಸುತ್ತೇನೆ ಎಂದೇ ಫೋನ್ ಮಾಡಿದೆ.

“ನೋಡಿದ್ರಾ ಸರ್? ಹೇಗೆ ಬಂದಿದೆ?” ಎಂದು ಅವಳೇ ಉತ್ಸಾಹದಿಂದ ಕೇಳಿದಳು.

“ಚೆನ್ನಾಗಿ ಬಂದಿದೆ ಕಣಮ್ಮಾ” ಎಂದುಬಿಟ್ಟೆ. ಮುಂದಿನ ಲೇಖನವನ್ನೂ ಅವಳೇ ಹಾಕಬೇಕಲ್ಲ!

ನಿಮ್ಮ ಲೇಖನವನ್ನು ನಾನು ಅದೇ ಅಂಕಣಕ್ಕೆ ತಳ್ಳಿದ ದಿನ ನೀವೂ ಫೋನ್ ಮಾಡಿ, “ಚೆನ್ನಾಗಿ ಬಂದಿದೆ ಕಣಯ್ಯಾ” ಅಂದಿದ್ದಿರಿ. ನಿಮಗೆ ತುಂಬಾ ಖುಷಿಯಾಗಿದೆ ಎಂದು ಅವತ್ತು ನಾನು ಆಫೀಸಿಗೆಲ್ಲ ಹೇಳಿಕೊಂಡು ಓಡಾಡಿದೆ.