ಬೆಲ್ಟಿನ ಮುಂದೆ ಮೊದಲು ನಿಂತವಳು

ಕಂಪಲಾಪುರ
18-11-1973

ಮಗಳು ಜಯಲಕ್ಷ್ಮಿಗೆ ಅವ್ವನ ಆಶೀರ್ವಾದ.

ದಸರಾಕ್ಕೆ ಮುಂಚೆ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಸಂತೋಷವಾಯಿತು. ಇಲ್ಲಿ ರಾಗಿ ಕೊಯ್ಲು ನಡೆದಿದೆ. ನಾನೂ ಹೋಗುತ್ತಿದ್ದೇನೆ.

ಹೊಗೆಸೊಪ್ಪಿನ ಶೆಡ್ಡಿನ ಕೆಲಸ ಯಾಕೆ ಬಿಟ್ಟೆ, ಮಾವನಿಗೆ ತಲೆ ತಗ್ಗಿಸುವ ಹಾಗಾಯಿತು ಎಂದು ಬರೆದಿದ್ದೀಯ. ನನ್ನ ತಮ್ಮನಿಗೇ ನಿನ್ನನ್ನು ಕೊಟ್ಟಿರುವುದರಿಂದ ಇದನ್ನು ಬರೆಯುವುದು ಕಷ್ಟ. ಅವನ ವಿಷಯ ಏನು ಬರೆದರೂ ಅದು ನಿನ್ನ ಸಂಸಾರಕ್ಕೇ ತಾಗುತ್ತದೆ. ಆದರೂ ಶೆಡ್ಡಿನೊಳಗೆ ಆದದ್ದನ್ನು ಅವನು ನಿನಗೆ ಹೇಳಿರಲಾರ.

ನಾವು ಹೆಂಗಸರು ನೆಲದ ಮೇಲೆ ಗುಂಪಾಗಿ ಕೂತು, ಮಾತಾಡಿಕೊಂಡು ಎಲೆಯ ಬಣ್ಣ ನೋಡಿ ವಿಂಗಡಿಸುತ್ತಿದ್ದವರು. ಹೋದ ವರ್ಷ ಕಂಪನಿಯವರು ಮೆಷಿನ್ ಬೆಲ್ಟು ತಂದರು. ಎಲೆ ಅದರ ಮೇಲೆ ಓಡುತ್ತಿರುತ್ತದೆ, ನಾವು ಪಕ್ಕದಲ್ಲಿ ನಿಂತು ಆರಿಸಬೇಕು. ಒಬ್ಬರೂ ಒಪ್ಪದೆ ಎಲ್ಲರೂ ಹೊರಗೆ ಹೋಗಿ ಕೂತೆವು. ಆಗ ನಮ್ಮನ್ನು ಒಪ್ಪಿಸಲೆಂದು ಸೂಪರ್‌ವೈಸರ್ ಆಗಿದ್ದ ನನ್ನ ತಮ್ಮ ದೇವಯ್ಯನನ್ನೇ ಕಳಿಸಿದರು.

ಅವನು ಗದರಿಸಲಿಲ್ಲ. ನಮ್ಮ ಜೊತೆ ಗೋಣಿಚೀಲದ ಮೇಲೆ ಕೂತು ಎಲ್ಲರ ಮಾತೂ ಕೇಳಿದ.

ಕುಳ್ಳಮ್ಮ, "ಕೈ ಸೋತ್ರೆ ನಾವು ಒಸಿ ನಿಲ್ಲಿಸ್ತೀವಿ ಕಣಪ್ಪ. ಅದು ನಿಲ್ಲಿಸ್ತದಾ? ನಾಳೀಕೆ ನಮ್ಮನ್ನೇ ಬೇಡ ಅಂದ್ರೆ?" ಎಂದಳು.

"ಯಾರನ್ನೂ ತೆಗೆಯಾಕಿಲ್ಲ ಕಣಮ್ಮ, ನಮ್ಮಕ್ಕನ ಆಣೆಗೂ," ಎಂದ ದೇವಯ್ಯ.

ಅವತ್ತು ಸಂಜೆ ಮನೆಗೆ ಬಂದು, "ಅಕ್ಕ, ಅವ್ರಿಗೆ ಇರೋದು ಭಯ ಅಷ್ಟೇ. ನೀನು ಮೊದ್ಲು ನಿಂತ್ಕೊ, ಮಿಕ್ಕೋರು ತಾವೇ ಬತ್ತಾರೆ," ಎಂದ. ನಾನು ನಿಂತೆ. ಎಲ್ಲರೂ ಬಂದರು. ಸುಳ್ಳು ಹೇಳಬಾರದು, ಕೆಲಸ ಕಲಿತ ಮೇಲೆ ಸೊಂಟದ ನೋವು ಕಡಿಮೆಯೇ ಆಯಿತು. ಅವನಿಗೆ ಮೈಸೂರಿಗೆ ಬಡ್ತಿ ಸಿಕ್ಕಿತು, ನೀವು ಹೊರಟಿರಿ.

ಈ ವರ್ಷ ಶೆಡ್ಡು ತೆರೆದ ದಿನ ಗೇಟಿನವನು ಅರ್ಧ ಜನರನ್ನು ಹೊರಗೇ ನಿಲ್ಲಿಸಿದ. ಬೆಲ್ಟಿಗೆ ಅಷ್ಟು ಜನ ಬೇಡವಂತೆ. ನನ್ನನ್ನು ಒಳಕ್ಕೆ ಬಿಟ್ಟ. ಕುಳ್ಳಮ್ಮನನ್ನು ಬಿಡಲಿಲ್ಲ. "ನೀ ಹೋಗವ್ವ ಸೋಮಮ್ಮ, ಬೆಲ್ಟು ಕಾಯ್ತಾ ಅದೆ," ಎಂದಳು. ಅವಳು ನನ್ನ ಜೊತೆ ಆಡಿದ ಕಡೆಯ ಮಾತು ಅದು.

ನಾನು ಒಳಗೆ ಹೋದೆ. ದೇವಯ್ಯ ಬಂದು ಸರಿಮಾಡುತ್ತಾನೆ ಎಂದು ನಂಬಿದ್ದೆ. ಆ ವಾರವೇ ಕಂಪನಿ ಜೀಪಿನಲ್ಲಿ ಬಂದ. ನನ್ನ ಮೇಲೆ ಇಟ್ಟ ಆಣೆ ಏನಾಯಿತು ಎಂದು ಕೇಳಿದೆ.

"ನಾನು ಹೇಳ್ದಾಗ ಅದು ನಿಜಾನೇ ಕಣಕ್ಕ. ಆಮೇಲೆ ಮೇಲಿನೋರು ಬದಲಾಯಿಸಿದ್ರು, ನಾನೇನು ಮಾಡ್ಲಿ? ಈಗ ಹುಣಸೂರಿನ ಶೆಡ್ಡಿಗೂ ಬೆಲ್ಟು ಬತ್ತಾ ಅದೆ. ಅಲ್ಲೂ ಹೆಂಗಸ್ರು ಇಂಗೇ ಹೆದ್ರವ್ರೆ. ನೀನು ಒಂದ್ಸಲ ಬಂದು ಮಾತಾಡು, ನಿನ್ನ ಮಾತು ನಂಬ್ತಾರೆ."

ನಾನು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಕೊಂಡು ಮನೆಗೆ ಬಂದೆ. ಮಾರನೆಯ ದಿನದಿಂದ ಹೋಗಿಲ್ಲ. ಈಗ ಕುಳ್ಳಮ್ಮನೂ ನಾನೂ ಒಂದೇ ಹೊಲದಲ್ಲಿ ರಾಗಿ ಕೊಯ್ಯುತ್ತೇವೆ. ಅವಳು ನನ್ನ ಸಾಲಿನ ಪಕ್ಕ ಬರುವುದಿಲ್ಲ.

ನೀನು ಗಂಡನ ಜೊತೆ ಜಗಳವಾಡಬೇಡ. ಮಗುವನ್ನು ಚಳಿಗಾಳಿಗೆ ಬಿಡಬೇಡ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅವ್ವ,
ಸೋಮಮ್ಮ

ಬರೆಯಬಾರದೆಂದಿದ್ದೆ, ಆಗಲಿಲ್ಲ: ಬಡ್ತಿ ಬಂದಾಗ ಶೆಡ್ಡಿನಲ್ಲಿ ನಿಮ್ಮಿಬ್ಬರಿಗೂ ಹಾರ ಹಾಕಿದರಲ್ಲ, ಅವತ್ತು ದೊಡ್ಡ ಸಾಹೇಬರು ನನ್ನನ್ನು ತೋರಿಸಿ, ಈಕೆ ಯಾರು ಎಂದು ಕೇಳಿದರು. "ಹಳೇ ಕೆಲಸದವಳು ಸಾರ್," ಎಂದ ನನ್ನ ತಮ್ಮ. ಅವನಿಗೆ ನೌಕರಿಯ ಭಯ ಎಂದು ಅದನ್ನು ನುಂಗಿಕೊಂಡೆ. ನೀನು ಅವನ ಪಕ್ಕದಲ್ಲೇ ಇದ್ದೆ ಜಯ. ನೀನು ನನ್ನ ಮುಖ ನೋಡಿ, ಆಮೇಲೆ ಸಾಹೇಬರನ್ನು ನೋಡಿ ನಕ್ಕೆ.