ಉಪ್ಪಿಲ್ಲದ ಹುಂಜದ ಸಾರು

ಅಪ್ಪಯ್ಯ,

ನಿಮ್ಮ ಕೋಳಿ ಅಂಕದ ಹುಂಜ ಇನ್ನಿಲ್ಲ. ಕಾಳಗಕ್ಕೆ ಅದರ ಕಾಲಿಗೆ ಕಟ್ಟುವ ಸಣ್ಣ ಬಾಳುಕತ್ತಿಯಲ್ಲೇ ಬೆಳಿಗ್ಗೆ ಅದರ ಕತ್ತು ಕೊಯ್ದೆ. ಒಲೆಯ ಮೇಲೆ ಸಾರಿದೆ, ಗಂಜಿಯ ಜೊತೆ ಉಣ್ಣಿ. ಉಪ್ಪು ಹಾಕಿಲ್ಲ. ಉಪ್ಪಿನ ಭರಣಿಯನ್ನು ಕಲ್ಲಿಗೆ ಬಡಿದು ಒಡೆದಿದ್ದೇನೆ, ಚೂರು ತುಳಿಯಬೇಡಿ.

ನಿನ್ನೆ ಹುಂಜದ ಗೂಡು ಗುಡಿಸುವಾಗ ಹುಲ್ಲಿನಡಿ ನಿಮ್ಮ ಬಿಪಿ ಮಾತ್ರೆಗಳು ಸಿಕ್ಕಿದವು. ದಿನಾ ಕೇಳಿದರೆ "ತಕಂಡೆ ಮಗಾ" ಅನ್ನುತ್ತಿದ್ದಿರಿ. ನಿನ್ನೆ ಹಾಲಾಡಿಯ ಅಂಕದಲ್ಲಿ ಪಣದ ಜಗಳಕ್ಕೆ ಎದುರಾಳಿ ಕುಷ್ಟನ ಮೂಗು ಒಡೆದು ಬಂದವರು, ಮಾತ್ರೆಯ ಬಗ್ಗೆ ಕೇಳಿದರೆ "ತಲಿ ನೋವೇ ಇಲ್ಲ, ಮಾತ್ರಿ ಎಂತಕೆ" ಅಂದಿರಿ. ಗಂಗೊಳ್ಳಿಯಲ್ಲಿ ಬಲೆ ಎಳೆಯುತ್ತಾ ಬಿದ್ದ ದಿನವೂ ನಿಮಗೆ ನೋವಿರಲಿಲ್ಲ.

ತಟ್ಟೆಯ ಪಕ್ಕ ಮಾತ್ರೆ ಇದೆ. ಮೊದಲು ಅದನ್ನು ನುಂಗಿ.

ಅಂಗಳದ ರಕ್ತ ಬೇಕೆಂದೇ ತೊಳೆದಿಲ್ಲ. ಜಗಲಿಯಲ್ಲಿ ಕೂತು ನೋಡಿ. ಗಂಗೊಳ್ಳಿಯಲ್ಲಿ ಬಿದ್ದ ದಿನ ನಿಮ್ಮ ಮಿದುಳೊಳಗೆ ಸೋರಿದ್ದು ಎರಡು ಚಮಚವಂತೆ, ಎಡಗೈ ಹೋಗಲು ಅಷ್ಟೇ ಸಾಕಾಯಿತು. ಇನ್ನೊಮ್ಮೆ ನರ ಒಡೆದರೆ ಕೈಕಾಲಿಗೆ ನಿಲ್ಲುವುದಿಲ್ಲ ಎಂದು ಡಾಕ್ಟರು ನಿಮ್ಮೆದುರೇ ಹೇಳಿದ್ದಾರೆ.

ಹುಂಜಕ್ಕಾಗಿ ನನಗೆ ಹೊಡೆಯುವುದಿದ್ದರೆ ಸಂಜೆ ಬರುತ್ತೇನೆ, ಹೊಡೆಯಿರಿ. ಅಲ್ಲಿಯವರೆಗೆ ಬದುಕಿರಿ.

ಚೇತನಾ