ಅಪ್ಪ ಬರುವುದರೊಳಗೆ ಆ ಆಟ ಬಿಚ್ಚಿಡು

ಅಣ್ಣಾ,

ಅಪ್ಪನನ್ನು ದವಾಖಾನೆಯಿಂದ ಕರೆತರಲು ಹೊರಟಿದ್ದೇನೆ. ಬರುವುದರೊಳಗೆ ಟಿವಿಗೆ ಹಚ್ಚಿದ ವಿಡಿಯೋ ಗೇಮ್ ಬಿಚ್ಚಿಡು. ಖಾನಾಪುರದ ಅತ್ತೆ ಕೊಟ್ಟದ್ದು ಮಕ್ಕಳಾಟವೇ ಇರಬಹುದು, ಆದರೆ ನೀನು ಹಾಕಿದ ಕ್ಯಾಸೆಟ್ಟಿನಲ್ಲಿ ಕತ್ತಿ ಬೀಸಿದಾಗೆಲ್ಲ ಕೈ ಹಾರಿ ರಕ್ತ ಕಾರಂಜಿಯಂತೆ ಚಿಮ್ಮುತ್ತದೆ. ಬಲಗೈ ಕಳೆದುಕೊಂಡವರ ಕಣ್ಣಿಗೆ ಅದು ಬೀಳಬಾರದು.

ಸಾರು ಒಲೆಯ ಮೇಲಿದೆ, ಬಿಸಿ ಮಾಡು.

ಉದ್ಯಮಬಾಗದ ಕಾರಖಾನೆಯಲ್ಲಿ ಅಪ್ಪ ಕೈ ತೆಗೆಯುವ ಮೊದಲೇ ಮಷಿನ್ ಚಾಲೂ ಮಾಡಿದವ ನೀನೆಂದು ಅವರು ಹೊರಗಿನವರ್ಯಾರ ಮುಂದೆಯೂ ಹೇಳಿಲ್ಲ. ನೀನು ಮಾತ್ರ ಒಂದು ದಿನವೂ ನೋಡಲು ಬರಲಿಲ್ಲ. ಏನು ಮಾಡುತ್ತಾನೆ ಎಂದು ನಿನ್ನೆ ಕೇಳಿದರು. ಹಗಲೆಲ್ಲ ಆಟ ಆಡುತ್ತಾನೆ ಎಂದು ಸಿಟ್ಟಿನಿಂದ ಹೇಳಿದೆ.

"ಆಡ್ಲಿ ಬಿಡವಾ, ಅವನ ಎರಡೂ ಕೈ ನೆಟ್ಟಗ ಅದಾವಲ್ಲ," ಅಂದರು.

ಮುಖ ತಪ್ಪಿಸಿ ಎಲ್ಲಿಗೂ ಹೋಗಬೇಡ. ಇವತ್ತು ಅವರಿಗೆ ನೀನೇ ಉಣಿಸು.

ಮುಗ್ಧಾ